ಅಕ್ಕಿ-ಉಪ್ಪು ನಡೆದ ದಾರಿ

ಮಹಿಳಾ ಜೈಲು, ನಗರ
6 ಫೆಬ್ರವರಿ 1994

ಇಸ್ಲಾವ್,

ಕೊಡುತ್ತೇವೆ ಅಂದದ್ದು: ತೊರೆಯ ಆಚೆ ಮನೆಗೆ ಜಾಗ. ಅಲ್ಲಿಗೆ ಗಾಡಿ ಹೋಗುವಷ್ಟು ದಾರಿ. ಜಾಗ ನಮ್ಮದು ಅನ್ನುವ ಪತ್ರ. ಸಕ್ಕರೆ ಗಿರಣಿ ನಿಂತು ಕೂಲಿಯಿಲ್ಲದ ತಿಂಗಳುಗಳಲ್ಲಿ ಬದನೆ, ಗೆಣಸು ಬೆಳೆದುಕೊಳ್ಳಲು ಒಂದು ಪಟ್ಟಿ ನೆಲ.

ಕೊಡದೆ ಹೋದದ್ದು: ಪತ್ರ. ದಾರಿ. ನೆಲ.

ಕೊಟ್ಟದ್ದು: ಮೂರೆಳೆ ಮುಳ್ಳುತಂತಿ.

ರಸ್ತೆ ಪಕ್ಕದ ನಮ್ಮ ಮನೆಗಳ ಸಾಲು ಖಾಲಿ ಮಾಡಿ, ತೊರೆಯ ಆಚೆ ಹೋಗಿ ಅಂದವರೂ ತೋಟದ ಧಣಿಗಳೇ. ನಾವು ಹೊರಡುವ ಹಿಂದಿನ ದಿನ ದಾರಿಗೆ ಅಡ್ಡ ಬೇಲಿ ಬಿಗಿದವರೂ ಧಣಿಗಳೇ. ಬಿದಿರಿನ ಮನೆಯನ್ನು ಇಡಿಯಾಗಿ ಹೆಗಲ ಮೇಲೆ ಹೊತ್ತುಕೊಂಡು ನಾವೇನು ಆಕಾಶದಲ್ಲಿ ಹೋಗಬೇಕಿತ್ತಾ? ಈಗ ನೋಡು, ಬೇಲಿಗೆ ನೋವಾಗಿದೆಯಂತೆ. ನನ್ನ ಮೇಲಿನ ದೂರು ಓದಿ ಹೇಳಿದರು: 'ಬೇಕೆಂದೇ, ದ್ವೇಷದಿಂದ, ಪರರ ಸ್ವತ್ತು ಹಾಳುಮಾಡಿದ್ದು.' ಹೋದ ವರ್ಷ ನಮ್ಮ ಕಾಯಿಬಿಟ್ಟ ಬದನೆ ಗಿಡಗಳ ಮೇಲೆ ಟ್ರ್ಯಾಕ್ಟರ್ ಹಾಯಿಸಿದರಲ್ಲ, ಅದಕ್ಕೆ ಉಳುಮೆ ಅಂತ ಹೆಸರು. ನಾವು ತಂತಿ ಕತ್ತರಿಸಿದರೆ ಅಪರಾಧ.

ನಾನು ಚೆನ್ನಾಗಿದ್ದೀನಿ. ಜಾಮೀನಿಗೆ ನಮ್ಮ ಕೂಲಿಕಾರರ ಸಂಘದವರು ಅಲೆಯುತ್ತಿದ್ದಾರೆ, ಬೇಗ ಆಗುವ ಹಾಗೆ ಕಾಣುತ್ತಿಲ್ಲ. ನೀನು ಮಾತ್ರ ಇಲ್ಲಿಗೆ ಬರಬೇಡ. ದೂರಿನಲ್ಲಿ ನನ್ನ ಹೆಸರಿನ ಜೊತೆ 'ಮತ್ತು ಇತರರು' ಅಂತ ಬರೆದಿದ್ದಾರೆ. ಆ ಜಾಗಕ್ಕೆ ಯಾರ ಹೆಸರು ಬೇಕಾದರೂ ತುಂಬುತ್ತಾರೆ. ಪತ್ರ ಬರಿ. ಹೋಗುವ ಬರುವ ಪತ್ರವನ್ನೆಲ್ಲ ವಾರ್ಡನ್ ಓದುತ್ತಾಳೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರಿ. (ವಾರ್ಡನಮ್ಮಾ, ಊಟ ಆಯ್ತಾ?)

ನಿನ್ನ ಅಮ್ಮನಿಗೆ ಏನೂ ಹೇಳಬೇಡ. ಈ ವಯಸ್ಸಲ್ಲಿ ಅವಳ ಎದೆ ಇದನ್ನು ತಡೆಯುವುದಿಲ್ಲ.

ನಿನ್ನ ಪಿನಾಂಗ್


ಸಾಂತಾ ಬೆನಿಲ್ಡಾ ಕಬ್ಬಿನ ತೋಟ
17 ಫೆಬ್ರವರಿ 1994

ಪಿನಾಂಗ್,

ಬರಬೇಡ ಅಂದೆ, ಬರಲಿಲ್ಲ. ಬರದೆ ಇದ್ದದ್ದಕ್ಕೆ ನಿದ್ದೆಯೂ ಬರಲಿಲ್ಲ.

ಮನೆ ನಿಂತಿದೆ. ಮೂಡಣ ಮೂಲೆ ಸ್ವಲ್ಪ ತಗ್ಗು. ನಿನ್ನ ಕಡೆ ಮಲಗಿದರೆ ನನ್ನ ಕಡೆ ಉರುಳಿ ಬರುವಷ್ಟು. ನಿನಗೋಸ್ಕರ ಸರಿಮಾಡದೆ ಹಾಗೇ ಬಿಟ್ಟಿದ್ದೀನಿ.

ಪೊಲೀಸರು ಬಂದಾಗ ಅಮ್ಮ ತೊರೆಗೆ ಹೋಗಿದ್ದದ್ದು ಒಳ್ಳೆಯದಾಯಿತು. ಅವಳಿಗೆ ನೀನು ನಗರದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದೀಯ ಅಂತ ಹೇಳಿದ್ದೀನಿ. ಸಾಲಿನ ಎಲ್ಲರಿಗೂ ತಾಕೀತು ಮಾಡಿದ್ದೀನಿ, ಅವಳೆದುರು ಬೇಲಿ, ಪೊಲೀಸು, ಜೈಲು ಅನ್ನುವ ಮಾತು ಎತ್ತಕೂಡದು ಅಂತ. ಅವಳು ಬಂದರೆ ಸಾಕು, ಎಲ್ಲರೂ ಹುಂಜದ ಕಾಳಗದ ಮಾತು ತೆಗೆಯುತ್ತಾರೆ. ಮೊನ್ನೆ ಕೇಳಿದಳು: "ಏನೋ, ಈ ಊರಲ್ಲಿ ಹುಂಜ ಬಿಟ್ಟರೆ ಬೇರೆ ಸಮಾಚಾರವೇ ಇಲ್ಲವಾ?" ನಿನಗೆ ಹೇಳಿಕಳಿಸಿದ್ದಾಳೆ: ಇಸ್ತ್ರಿ ಮಾಡಿದ ಕೈಯನ್ನು ತಕ್ಷಣ ತಣ್ಣೀರಿಗೆ ಹಾಕಬಾರದಂತೆ, ನರ ಸೇದಿಕೊಂಡು ಕೈ ನಡುಗುತ್ತಂತೆ. ಶುಂಠಿ ಕಳಿಸಿದ್ದಾಳೆ. ತಿನ್ನು.

ಒಂದು ಮಾತು ಕೇಳಲೇಬೇಕು, ವಾರ್ಡನಮ್ಮ ಓದಿದರೆ ಓದಲಿ. ಅವತ್ತು ನೀನು ಮುಂದೆ ಓಡಿಹೋಗಿ ನೋಡಿಕೊಂಡು ಬಂದೆ. "ನಡೀರಿ, ದಾರಿ ಇದೆ" ಅಂದೆ. ನಾವು ನೆಲದ ಬಿದಿರಿನ ಅಡಿ ತಲೆ ತಗ್ಗಿಸಿಕೊಂಡು ಹೊತ್ತವರು. ನಮಗೆ ಕಂಡದ್ದು ನಮ್ಮದೇ ಕಾಲು ಮಾತ್ರ. ಕಾಲಿಗೆ ತುಂಡು ತಂತಿ ತಾಕಿದಾಗಲೇ ಗೊತ್ತಾದದ್ದು. ಕತ್ತರಿಸುವ ಮೊದಲು ನನಗೊಂದು ಮಾತು ಹೇಳಬಾರದಿತ್ತಾ? ಹನ್ನೊಂದು ವರ್ಷ ಸಂಸಾರ ಮಾಡಿದವನಿಗೆ? ನೀನು ಸಂಘಕ್ಕೆ ಸೇರಿದವಳು ಅಂತ ಗೊತ್ತು. ನನಗೂ ಸ್ವಲ್ಪ ಸೇರಿದವಳಲ್ಲವಾ?

ಇಸ್ಲಾವ್


25 ಫೆಬ್ರವರಿ 1994

ಇಸ್ಲಾವ್,

ಓದಿ ನಕ್ಕೆ. ನಿನಗೆ ಇಷ್ಟು ಜಾಣತನ ಯಾವಾಗ ಬಂತು? 'ಯಾಕೆ ಹೇಳಲಿಲ್ಲ' ಅಂತ ಎಷ್ಟು ಚೆನ್ನಾಗಿ ಮುನಿಸಿಕೊಂಡಿದ್ದೀಯ! ವಾರ್ಡನ್ ನನ್ನ ಕೈಗೆ ಕೊಡುವಾಗ "ಗಂಡನಿಗೂ ಹೇಳಲಿಲ್ಲವೇನೇ ನೀನು" ಅಂತ ಬೈದಳು. ಹಾಗೇ ಬರೆಯುತ್ತಿರು. ನಾನೂ ನೀನೂ ತಿಳಿದುಕೊಂಡಿದ್ದರೆ ಸಾಕು.

ನಿನ್ನ ಸುಳ್ಳು ನಿಜವಾಯಿತು. ಇಲ್ಲಿ ನನಗೆ ಕಾವಲಿನವರ ಬಟ್ಟೆ ಒಗೆಯುವ ಕೆಲಸ ಹಾಕಿದ್ದಾರೆ. ಅಮ್ಮನಿಗೆ ಹೇಳು, ಅವಳ ಮಾತಿನಂತೆ ಇಸ್ತ್ರಿ ಕೈಯನ್ನು ನೀರಿಗೆ ಹಾಕುತ್ತಿಲ್ಲ.

ಧಣಿಗಳ ವಕೀಲ ಬಂದಿದ್ದ. ಒಂದು ರಾಜಿ ಪತ್ರ ತಂದಿದ್ದ. ದ್ವೇಷದಿಂದ ಕತ್ತರಿಸಿದೆ, ತಪ್ಪಾಯಿತು ಅಂತ ನಾನು ಸಹಿ ಹಾಕಬೇಕು. ತೊರೆಯ ಆಚೆಯ ಜಾಗದ ಮೇಲೆ ನಮ್ಮ ಸಾಲಿನ ಯಾರಿಗೂ ಹಕ್ಕಿಲ್ಲ ಅಂತಲೂ ಅದರಲ್ಲೇ ಸೇರಿಸಿದ್ದಾರೆ. ಸಹಿ ಬಿದ್ದ ದಿನವೇ ದೂರು ವಾಪಸ್ಸು. "ಅಮ್ಮಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಅಂದ. "ಸ್ವಾಮೀ, ನನ್ನ ಒಳ್ಳೇದು ನಿಮ್ಮ ಚೀಲದಲ್ಲಿ ಯಾಕಿದೆ?" ಅಂದೆ.

ಸರ್ಕಾರದ ಕಡೆಯಿಂದ ನಮಗೊಬ್ಬಳು ವಕೀಲೆ ಸಿಕ್ಕಿದ್ದಾಳೆ. ದುಮಾಗಿಲ್ ಅಂತ. ಚಿಕ್ಕ ಹುಡುಗಿ, ಬೇಗ ಬೇಗ ಮಾತಾಡುತ್ತಾಳೆ. ನನ್ನ ಹೇಳಿಕೆ ಓದಿ ತಲೆ ಮೇಲೆ ಕೈ ಹೊತ್ತಳು. ಠಾಣೆಯಲ್ಲಿ ನಾನು ಸುಮ್ಮನಿರಲಿಲ್ಲವಲ್ಲ. "ನಾನೇ ಕತ್ತರಿಸಿದೆ. ಆ ತಂತಿ ಕಂಡರೆ ನನಗೆ ದ್ವೇಷ. ಹತ್ತು ಸಲ ಕಟ್ಟಿ, ಹತ್ತು ಸಲ ಕತ್ತರಿಸ್ತೀನಿ" ಅಂದಿದ್ದೆ. ಅವರು ಒಂದಕ್ಷರ ಬಿಡದೆ ಬರೆದುಕೊಂಡಿದ್ದಾರೆ. ವಕೀಲೆ ಹೇಳಿದಳು: "ದಾರಿ ಮಾಡಿಕೊಳ್ಳೋಕೆ ಕತ್ತರಿಸಿದೆ ಅಂದಿದ್ರೆ ಈ ಅಪರಾಧ ನಿಲ್ತಾನೇ ಇರಲಿಲ್ಲ. ಹಾಳು ಮಾಡಬೇಕು ಅಂತಲೇ, ಹಗೆಯಿಂದ ಹಾಳು ಮಾಡಿದ್ರೆ ಮಾತ್ರ ಇದು. ಅದನ್ನ ಅವರು ಸಾಬೀತು ಮಾಡಬೇಕಿತ್ತು. ನೀವೇ ಮಾಡಿಕೊಟ್ಟುಬಿಟ್ರಲ್ಲ!"

ಭಾಷಣ ಮಾಡಿ ಮಾಡಿ ರೂಢಿ. ಏನು ಮಾಡಲಿ.

ಸಹಿ ಹಾಕಲಿಲ್ಲ. ನೀನು ಏನನ್ನುತ್ತೀಯ?

ಪಿನಾಂಗ್


19 ಮಾರ್ಚ್ 1994

ಪಿನಾಂಗ್,

ತಡವಾಯಿತು. ಬರೆಯಲು ಕೂತಾಗೆಲ್ಲ ನಿನ್ನ 'ಜಾಣತನ' ಅನ್ನುವ ಮಾತು ಎದೆಗೆ ಒತ್ತುತ್ತಿತ್ತು. ನಾನು ನೊಂದುಕೊಂಡು ಬರೆದದ್ದು ನಿನಗೆ ನಗೆಯಾಯಿತು. ಇರಲಿ.

ಏನನ್ನುತ್ತೀಯ ಅಂತ ಕೇಳಿದೆ. ಸಹಿ ಹಾಕು. ಮನೆಗೆ ಬಾ.

ಸಾಲಿನವರು ಉಗಿಯುತ್ತಾರೆ, ಉಗಿಯಲಿ, ಒರೆಸಿಕೊಳ್ಳುತ್ತೀನಿ. ನಮ್ಮದನ್ನು ಹೊತ್ತ ಮೇಲೆ ಉಳಿದ ಏಳು ಮನೆಗಳನ್ನೂ ಅವತ್ತು ಸಂಜೆಯೊಳಗೆ ಅದೇ ದಾರಿಯಲ್ಲಿ ತಂದು ಇಳಿಸಿದೆವು. ಈಗ ಎಲ್ಲರೂ ಒಲೆ ಹೂಡಿದ್ದಾರೆ, ಅಂಗಳಕ್ಕೆ ನುಗ್ಗೆ ಕೊಂಬೆ ನೆಟ್ಟಿದ್ದಾರೆ, ಚಿಗುರಿದೆ. ನನಗೆ ಎಲ್ಲ ಕಾಣುತ್ತದೆ. ಆದರೂ ಹೇಳುತ್ತೀನಿ. ಇನ್ನೊಂದು ಕಡೆ ಹೋಗೋಣ. ಮನೆ ಮತ್ತೆ ಹೊರೋಣ. ಹೆಗಲು ಇದೆ. ಅದರೊಳಗೆ ನೀನಿಲ್ಲದ ಮೇಲೆ ಮನೆ ಅಂದರೆ ನಾಲ್ಕು ಬಿದಿರು.

ಶುಕ್ರವಾರ ಹೆಸರುಕಾಳು ಬೇಯಿಸಿದೆ. ನಿನ್ನ ಹಾಗೆ ಬರಲಿಲ್ಲ. ಅಮ್ಮ ಒಂದು ತುತ್ತು ತಿಂದು, "ಇದನ್ನ ಕೋಳಿಗೆ ಹಾಕು, ಕೋಳಿ ಬೇಡ ಅಂದ್ರೆ ನೀನೇ ತಿನ್ನು" ಅಂದಳು.

ಸಹಿ ಹಾಕು.

ಇಸ್ಲಾವ್


26 ಮಾರ್ಚ್ 1994

ಇಸ್ಲಾವ್,

ಈ ಪತ್ರ ವಾರ್ಡನ್ ಓದಿಲ್ಲ. ಶನಿವಾರ ಪ್ರಾರ್ಥನೆ ಮಾಡಿಸಲು ಬರುವ ಸಿಸ್ಟರ್ ಆರೆಲಿಯಾ ತನ್ನ ಜಪಮಾಲೆಯ ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ. ಅದಕ್ಕೇ ನೇರವಾಗಿ ಬರೆಯುತ್ತೀನಿ.

ಸಹಿ ಹಾಕು ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?

ತಂತಿ ಕತ್ತರಿಸಿದವನು ನೀನು. ಹಿಂದಿನ ದಿನ ಕತ್ತಿ ಮಸೆಯುತ್ತಾ ನೀನೇ ಹೇಳಿದ್ದೆ, "ದಾರಿ ಬಿಡದಿದ್ರೆ ನಾನೇ ಕಡಿದು ಹಾಕ್ತೀನಿ" ಅಂತ. ನಾನು ಮುಂದೆ ಓಡಿಹೋಗಿ ನೋಡಿದಾಗ ಬೇಲಿ ಹಾಗೇ ಇತ್ತು. "ದಾರಿ ಇದೆ" ಅಂತ ಸುಳ್ಳು ಹೇಳಿದೆ. ಯಾಕೆ ಗೊತ್ತಾ? ಹೊತ್ತ ಮನೆಯನ್ನು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟರೆ ಜನರ ಎದೆಯೂ ಕೆಳಗಿಳಿಯುತ್ತದೆ. ಹತ್ತಿರ ಹೋದ ಮೇಲೆ ಎಲ್ಲರೂ ಸೇರಿ ಏನಾದರೂ ಮಾಡುತ್ತೀವಿ ಅಂದುಕೊಂಡು ಹಿಂದಿನ ಬಿದಿರಿಗೆ ಹೆಗಲು ಕೊಟ್ಟೆ. ಆಮೇಲೆ ಮುಂದಿನಿಂದ 'ಟಣ್' ಅಂತ ಕೇಳಿಸಿತು. ಮನೆ ನಿಲ್ಲಲೇ ಇಲ್ಲ. ಇವನು ಹೇಳಿದ ಹಾಗೆ ಮಾಡಿದ ಅಂತ ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ, ಮಾರನೇ ದಿನ ಪೊಲೀಸರು "ಯಾರು?" ಅಂದ ಕೂಡಲೇ "ನಾನು" ಅಂದೆ. ನಿನ್ನ ಬೆನ್ನು ಅವರ ಲಾಠಿಗೆ ಸಿಗಬಾರದಿತ್ತು. ಕಳೆದ ಮುಷ್ಕರದಲ್ಲಿ ಮುರಿದ ಪಕ್ಕೆಲುಬೇ ಇನ್ನೂ ಚಳಿಗೆ ನೋಯುತ್ತದೆ ನಿನಗೆ.

ಇದಕ್ಕೆ ನನಗೆ ಧನ್ಯವಾದ ಬೇಡ. ಆದರೆ ಇಷ್ಟೆಲ್ಲ ಆದ ಮೇಲೆ, ಕ್ಷಮೆ ಕೇಳು, ಏಳು ಮನೆಯವರ ನೆಲ ಬಿಟ್ಟುಕೊಟ್ಟು ಬಾ ಅಂತ ನೀನೇ ಹೇಳುತ್ತೀಯಲ್ಲ! ಬೇರೆ ಯಾರಾದರೂ ಅಂದಿದ್ದರೆ ಉಗಿಯುತ್ತಿದ್ದೆ. ನಿನಗೆ ಉಗಿಯಲೂ ಆಗಲಿಲ್ಲ. ಅತ್ತುಬಿಟ್ಟೆ.

ಪಿನಾಂಗ್


4 ಏಪ್ರಿಲ್ 1994

ನನ್ನ ಪಿನಾಂಗ್,

ನಾನು ಕತ್ತರಿಸಲಿಲ್ಲ.

ಶಿಲುಬೆಯ ಮೇಲಾಣೆ, ನಾನು ಮುಂದಿನ ಮೂಲೆಯ ಬಿದಿರು ಬಿಟ್ಟು ಒಂದು ಗಳಿಗೆ ಕದಲಲಿಲ್ಲ. ಕದಲಿದ್ದರೆ ಮನೆ ಮಗುಚುತ್ತಿತ್ತು. ಕತ್ತಿ ಮಸೆದದ್ದು ನಿಜ, ಬಾಯಿ ಮಾತು ಆಡಿದ್ದು ನಿಜ. ಆದರೆ ಕಡಿದವಳು ನೀನು ಅಂತಲೇ ನಾನು ಇಲ್ಲಿಯವರೆಗೆ ನಂಬಿದ್ದೆ. ಮುಂದೆ ಓಡಿದವಳು ನೀನು, "ದಾರಿ ಇದೆ" ಅಂದವಳು ನೀನು, "ನಾನು" ಅಂತ ಒಪ್ಪಿಕೊಂಡವಳು ನೀನು. ನಂಬದೆ ಏನು ಮಾಡಲಿ? ನಿನ್ನ ಪತ್ರ ಹಿಡಿದುಕೊಂಡು ಗುಡ್ ಫ್ರೈಡೆ ದಿನವೆಲ್ಲ ಹುಚ್ಚನ ಹಾಗೆ ತೊರೆಯ ದಂಡೆಯಲ್ಲಿ ಕೂತಿದ್ದೆ. ನಾನಲ್ಲ. ನೀನಲ್ಲ. ಹಾಗಾದರೆ ಯಾರು?

ಶನಿವಾರ ಗೊತ್ತಾಯಿತು. ಕೇಳು.

ಅಮ್ಮ ಅಂಗಡಿಗೆ ಉಪ್ಪು ತರಲು ಹೋಗಿದ್ದಳು. ಅಲ್ಲಿ ಮೇಸ್ತ್ರಿ ಕಾಸ್ತೋರ್ ಕೂತಿದ್ದ. ಧಣಿಗಳ ಅನ್ನ ತಿಂದು ನಮ್ಮ ಮೇಲೆ ಕೈ ತೊಳೆಯುವವನು. ಎಲ್ಲರೆದುರೂ ಅಂದನಂತೆ: "ಏನ್ ಪುರಿಸಿಮಾಜ್ಜಿ, ಸೊಸೆ ಜೈಲೂಟ ಉಂಡು ದಪ್ಪ ಆಗಿದ್ದಾಳಂತೆ?"

ಅಮ್ಮ ಮನೆಗೆ ಬಂದಳು. ಉಪ್ಪಿನ ಪೊಟ್ಟಣ ಕೆಳಗಿಡಲಿಲ್ಲ.

"ಸೊಸೆ ಎಲ್ಲಿದ್ದಾಳೆ?"

"ಬಟ್ಟೆ ಒಗೀತಾ..."

"ಯಾರ ಬಟ್ಟೆ?"

ಹೇಳಿದೆ. ಕೂತುಕೊಂಡೇ ಹೇಳಿದೆ. ಬೇಲಿ ಕಡಿದದ್ದಕ್ಕೆ ಅಂದೆ.

"ಯಾವ ಬೇಲಿ?"

"ದಾರಿಗೆ ಅಡ್ಡ ಇದ್ದದ್ದು ಅಮ್ಮ. ಮನೆ ತಂದ ದಿನ."

"ಅದನ್ನ ಕಡಿದವಳು ನಾನಲ್ಲವೇನೋ?"

ಅವಳು ನನಗೆ ಬುದ್ಧಿ ಕಡಿಮೆ ಅನ್ನುವ ಹಾಗೆ ನಿಧಾನವಾಗಿ ಹೇಳಿದಳು:

"ಹಿರಿಯಳು ಅಕ್ಕಿ-ಉಪ್ಪು ಹಿಡಿದು ಮುಂದೆ ನಡೀಬೇಕು. ಮನೆ ಹಿಂದೆ ಬರಬೇಕು. ಹೊಸ ಜಾಗಕ್ಕೆ ಮೊದಲು ಅಕ್ಕಿ, ಉಪ್ಪು, ಆಮೇಲೆ ಮನೆ. ನಡು ದಾರೀಲಿ ಅಕ್ಕಿ-ಉಪ್ಪು ಹಿಂದೆ ತಿರುಗಿತೋ, ಆ ಮನೇಲಿ ಒಲೆ ಉರಿಯಲ್ಲ. ತಂತಿ ಅಡ್ಡ ಇತ್ತು. ಹಿಂದೆ ನೀವು ಮನೆ ಹೊತ್ತು ಬರ್ತಿದ್ದೀರಿ. ನಾನೇನು ನಿಂತು ಧಣಿಗಳಿಗೆ ಅರ್ಜಿ ಹಾಕಲಾ? ಮಡಕೆ ಕೆಳಗಿಟ್ಟೆ. ಸೊಂಟದ ಕತ್ತಿ ತೆಗೆದೆ. ಗೂಟಕ್ಕೆ ತಂತಿ ಒತ್ತಿ ಹಿಡಿದು ಕಡಿದೆ. ಮಡಕೆ ಎತ್ತಿಕೊಂಡು ನಡೆದೆ. ದಾರೀಲಿ ಎರಡು ಕಡೆ ಬಿದಿರಿನ ಮುಳ್ಳೂ ಕಡಿದೆ. ಅದಕ್ಕೆ ಯಾರನ್ನ ಹಿಡಿದುಕೊಂಡು ಹೋಗಿದ್ದಾರೆ?"

"ಅಮ್ಮ, ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ನನ್ನ ಕಂಡ್ರೆ ಎಲ್ಲರೂ ಹುಂಜ, ಹುಂಜ ಅಂತಿದ್ರಿ!"

ಪಿನಾಂಗ್, ಇಡೀ ಸಾಲು ಬಾಯಿಗೆ ಬೀಗ ಹಾಕಿಕೊಂಡಿತ್ತು, ಅವಳಿಗೆ ನೋವಾಗಬಾರದು ಅಂತ. ಆ ಬೀಗದೊಳಗೇ ನೀನು ಎರಡು ತಿಂಗಳು ಕೊಳೆತೆ.

ನಿನ್ನನ್ನು ನೋಯಿಸಿದೆ. ಸಹಿ ಹಾಕು ಅಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೀನಿ. ನನ್ನ ಬೆನ್ನಿಗೋಸ್ಕರ ಹೋದವಳೇ, ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಈ ಪತ್ರವೂ ಸಿಸ್ಟರ್ ಚೀಲದಲ್ಲೇ ಬರುತ್ತದೆ. ಅಮ್ಮ ನ್ಯಾಯಾಲಯಕ್ಕೆ ಬಂದು ಹೇಳುತ್ತಾಳಂತೆ. ಆಗಲೇ ಮದುವೆಗೆ ಉಡುವ ಆ ಉದ್ದ ಲಂಗ ಬಿಸಿಲಿಗೆ ಹಾಕಿದ್ದಾಳೆ.

ಇಸ್ಲಾವ್


12 ಏಪ್ರಿಲ್ 1994

ಇಸ್ಲಾವ್,

ಇದೂ ಸಿಸ್ಟರ್ ಚೀಲದಲ್ಲೇ ಬರುತ್ತದೆ. ನಿನ್ನ ಪತ್ರವನ್ನು ಒದ್ದೆ ಬಟ್ಟೆಯ ರಾಶಿಯ ಮೇಲೆ ಕೂತು ಓದಿದೆ. ಮೊದಲು ನಗು ಬಂತು. ಆಮೇಲೆ ನಿಲ್ಲದ ಅಳು. ಪಕ್ಕದವಳು "ಯಾರು ಸತ್ರೇ?" ಅಂತ ಬೆನ್ನು ಸವರಿದಳು. "ಯಾರೂ ಸತ್ತಿಲ್ಲ, ನನ್ನ ಗಂಡ ಬೇಲಿ ಕಡಿದಿಲ್ಲ" ಅಂದೆ. ನನಗೆ ತಲೆ ಕೆಟ್ಟಿದೆ ಅಂತ ಅವಳಿಗೆ ಅನಿಸಿರಬೇಕು.

ನೀನು ಕಡಿಯಲಿಲ್ಲ ಅಂತ ಒಂದು ಗಳಿಗೆ ಬೇಜಾರಾದದ್ದೂ ನಿಜ. ಹೆಮ್ಮೆಪಟ್ಟು ಪಟ್ಟು ರೂಢಿಯಾಗಿತ್ತು. ಆದರೆ ನೀನು ಬಿದಿರು ಬಿಡಲಿಲ್ಲ ಅಂದೆಯಲ್ಲ, ಈಗ ಹೆಮ್ಮೆಯನ್ನು ಅಲ್ಲಿಗೆ ಸಾಗಿಸಿದ್ದೀನಿ.

ವಕೀಲೆಗೆ ಹೇಳಿದೆ. ಅವಳು ಮೇಜು ಗುದ್ದಿದಳು. "ಅಂದ್ರೆ ದ್ವೇಷ ನಿಮ್ಮದು, ಕೈ ಅವರದು!" ಅಂದಳು. "ದ್ವೇಷ ಇದ್ದವಳು ತಂತಿ ಮುಟ್ಟಿಲ್ಲ. ತಂತಿ ಮುಟ್ಟಿದವಳಿಗೆ ದ್ವೇಷವೇ ಇಲ್ಲ, ಅಕ್ಕಿ-ಉಪ್ಪಿನ ಮಡಕೆ ದಾಟಿಸೋ ಅವಸರ ಇತ್ತು. ಒಂದು ಅಪರಾಧಕ್ಕೆ ಎರಡೂ ಒಬ್ಬರಲ್ಲೇ ಇರಬೇಕು." ಆಮೇಲೆ ದನಿ ಇಳಿಸಿದಳು: "ಆದರೆ ಅಜ್ಜಿ ತಾವೇ ಕಡಿದೆ ಅಂತ ಕಟಕಟೆಯಲ್ಲಿ ಹೇಳಬೇಕು. ನ್ಯಾಯಾಧೀಶರು ಹೇಗೆ ತಗೋತಾರೋ ನಾನು ಮಾತು ಕೊಡಲಾರೆ. ಅವರನ್ನೂ ಸೇರಿಸು ಅಂತ ಆ ಕಡೆಯವರು ಪಟ್ಟು ಹಿಡೀಬಹುದು."

ಕರೆದುಕೊಂಡು ಬರಬೇಡ, ಇಸ್ಲಾವ್. ಈ ಸಿಮೆಂಟು ನೆಲದ ಮೇಲೆ ಆ ಮೂಳೆಗಳು ಒಂದು ವಾರ ತಡೆಯುವುದಿಲ್ಲ. ದೂರು ಬಿದ್ದುಹೋಯಿತು ಅಂತ ಹೇಳಿಬಿಡು. ನಾನು ಇನ್ನಷ್ಟು ದಿನ ಒಗೆಯುತ್ತೀನಿ, ನನಗೇನು. ಸಹಿಯಂತೂ ಹಾಕುವುದಿಲ್ಲ. ಎಂಟು ಮನೆಯ ಹೆಂಗಸರೂ ಅಂಗಳ ಗುಡಿಸುತ್ತಿರುತ್ತಾರೆ ಅಂತ ಬೆಳಿಗ್ಗೆ ಎದ್ದ ಕೂಡಲೇ ನೆನೆಸಿಕೊಳ್ಳುತ್ತೀನಿ. ಅಷ್ಟು ಸಾಕು ನನಗೆ.

ಸಾಕು ಅಂದೆ. ಸುಳ್ಳು. ನಿನ್ನನ್ನು ನೋಡಬೇಕು.

ಪಿನಾಂಗ್


19 ಏಪ್ರಿಲ್ 1994

ಪಿನಾಂಗ್,

ಅಮ್ಮನಿಗೆ ಇನ್ನೊಂದು ಸುಳ್ಳು ಹೇಳಲಾರೆ. ಒಂದು ಸುಳ್ಳಿನ ಫಲ ನೋಡಿಯಾಯಿತು. ನಿನ್ನ ಪತ್ರವನ್ನು ಹಾಗೇ ಓದಿ ಹೇಳಿದೆ. ಸಿಮೆಂಟು ನೆಲ, ಮೂಳೆ, ಎಲ್ಲ.

ಅವಳು ಬೆನ್ನು ತಿರುಗಿಸಿ ಒಲೆ ಊದುತ್ತಿದ್ದಳು. "ಐವತ್ತು ವರ್ಷ ಅವರ ಕಬ್ಬು ಕಡಿದಿದ್ದೀನಿ" ಅಂದಳು. "ಒಂದು ದಿನವೂ 'ಪುರಿಸಿಮಾ, ನೀನು ಏನು ಕಡಿದೆ' ಅಂತ ಯಾರೂ ಕೇಳಲಿಲ್ಲ. ಈಗ ಕೇಳ್ತಾರಂತೆ. ಹೇಳಕ್ಕೆ ಹೋಗಬೇಡ ಅಂತಾಳೆ ಸೊಸೆ!"

"ಅಮ್ಮ, ನಿನ್ನನ್ನೂ ಒಳಗೆ ಹಾಕಬಹುದು."

"ಹಾಕಲಿ. ಅಲ್ಲಿ ಅವಳಿಗೆ ಅನ್ನ ಬೇಯಿಸಿ ಹಾಕೋರು ಯಾರಿದ್ದಾರೆ? ನೀನಂತೂ ಹೆಸರುಕಾಳೂ ಬೇಯಿಸಲಾರೆ."

"ಜಡ್ಜು ಕೇಳ್ತಾರೆ, ಪರರ ಸ್ವತ್ತು ಯಾಕೆ ಹಾಳು ಮಾಡಿದೆ ಅಂತ."

"ನಾನೂ ಕೇಳ್ತೀನಿ, ಸ್ವಾಮಿ, ನಿಮ್ಮ ಹೊಸ ಮನೆಗೆ ನಿಮ್ಮಮ್ಮ ಅಕ್ಕಿ-ಉಪ್ಪು ತಂದಾಗ ಬಾಗಿಲು ಹಾಕಿಕೊಂಡಿದ್ರಾ ಅಂತ."

"ಕ್ಷಮೆ ಕೇಳು ಅಂದ್ರೆ?"

ಆಗ ತಿರುಗಿದಳು. ಕಣ್ಣಲ್ಲಿ ನೀರಿತ್ತು. ಹೊಗೆಯದ್ದು ಅಂದಳು. "ನನ್ನ ಸೊಸೆ ಹತ್ರ ಕೇಳ್ತೀನಿ. ಮಿಕ್ಕೋರ ಹತ್ರ ಕೇಳಲ್ಲ."

ಇಷ್ಟೇ ಆಗಿದ್ದರೆ ನಾನು ಅವಳನ್ನು ಹೇಗಾದರೂ ತಡೆಯುತ್ತಿದ್ದೆನೋ ಏನೋ. ಆದರೆ ಭಾನುವಾರ ಸಾಲಿನವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ಸಹಿ ಹಾಕು ಅಂತ ನಾನು ನಿನಗೆ ಬರೆದದ್ದನ್ನೂ ಹೇಳಿದೆ. ಉಗಿಯುತ್ತಾರೆ ಅಂದುಕೊಂಡಿದ್ದೆ. ಯಾರೂ ಉಗಿಯಲಿಲ್ಲ. ಕುಂಟ ಹಿಲಾರಿಯೋನ್ ಮಾತ್ರ, "ನನ್ನ ಹೆಂಡ್ತಿ ಆಗಿದ್ರೆ ನಾನು ಬರೀತಿರಲಿಲ್ಲ, ಅವಳು ಅಲ್ಲೇ ಇರಲಿ ಅಂತ ಸುಮ್ಮನಿರ್ತಿದ್ದೆ" ಅಂದ. ಅವನ ಹೆಂಡತಿ ಪೊರಕೆ ಎತ್ತಿಕೊಂಡಳು. ನಕ್ಕೆವು. ನೀನು ಹೋದ ಮೇಲೆ ಈ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಆಮೇಲೆ ತೀರ್ಮಾನವಾಯಿತು. ಅಜ್ಜಿ ಒಬ್ಬಳೇ ಹೋಗುವುದಿಲ್ಲ. ಹೊತ್ತವರೆಲ್ಲ ಹೋಗುತ್ತೇವೆ. ನಾವು ಕತ್ತರಿಸಲಿಲ್ಲ, ಆದರೆ ಕತ್ತರಿಸಿದ ದಾರಿಯಲ್ಲಿ ನಡೆದವರು, ಮುಂದೆಯೂ ಅದರಲ್ಲೇ ನಡೆಯುವವರು ಅಂತ ಒಬ್ಬೊಬ್ಬರೇ ಎದ್ದು ಹೇಳುತ್ತೇವೆ. ಕಬ್ಬಿನ ಲಾರಿಯವನು ನಿನ್ನ ವಿಚಾರಣೆಯ ದಿನ ಖಾಲಿ ಲಾರಿ ಕೊಡುತ್ತಾನಂತೆ. ಅಮ್ಮನನ್ನು ಮುಂದೆ, ಚಾಲಕನ ಪಕ್ಕ ಕೂರಿಸುತ್ತೇವೆ. ವಕೀಲೆಗೆ ಸಿಸ್ಟರ್ ಮೂಲಕ ಹೇಳಿಕಳಿಸಿದ್ದೇವೆ. ಅವಳು "ಇಷ್ಟು ಜನಕ್ಕೆ ಬೆಂಚು ಸಾಲಲ್ಲ" ಅಂದಳಂತೆ. ನಿಂತುಕೊಳ್ಳುತ್ತೇವೆ ಅಂದೆವು. ನಿಂತು ರೂಢಿಯಿದೆ.

ನಿನ್ನನ್ನು ಬಿಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಡದಿದ್ದರೆ ಮತ್ತೆ ಬರುತ್ತೇವೆ. ಬರಬೇಡ ಅಂತ ನೀನು ಬರೆದ ಮಾತನ್ನು ಇಷ್ಟು ದಿನ ಪಾಲಿಸಿದೆ, ಇನ್ನು ಪಾಲಿಸುವುದಿಲ್ಲ. ಬೇಕಾದರೆ ಅದನ್ನೂ ದೂರಿನಲ್ಲಿ ಸೇರಿಸಿಕೊಳ್ಳಲಿ. ಈ ಪತ್ರ ಬೇಕೆಂದೇ ಅಂಚೆಯಲ್ಲಿ ಹಾಕುತ್ತಿದ್ದೀನಿ. ವಾರ್ಡನಮ್ಮ ಮೊದಲು ಓದಲಿ. ಅವಳೂ ಯಾರದೋ ಸೊಸೆಯೇ.

ಕೈದಿಗಳ ವ್ಯಾನು ನ್ಯಾಯಾಲಯದ ಹಿಂಬದಿಯ ಗೇಟಿನಲ್ಲಿ ನಿಲ್ಲುತ್ತದಂತೆ. ನಾನು ಅಲ್ಲೇ, ಎಲ್ಲರಿಗಿಂತ ಮುಂದೆ ನಿಂತಿರುತ್ತೀನಿ. ಇಳಿಯುವಾಗ ತಲೆ ಎತ್ತಿ ನೋಡು: ಏಪ್ರಿಲ್ ಇಪ್ಪತ್ತಾರು, ಮಂಗಳವಾರ, ಬೆಳಿಗ್ಗೆ ಎಂಟೂವರೆ.

ನಿನ್ನ ಇಸ್ಲಾವ್